ನಂಬಿಕೆ ಮತ್ತು ನೆರೆಯವನು: ಲೂಥರನ ‘ಕ್ರೈಸ್ತನ ಸ್ವಾತಂತ್ರ್ಯ’ವನ್ನು ಕುರಿತು ಒಂದು ವಿಮರ್ಶೆ

೧

ಕ್ರೈಸ್ತಧರ್ಮದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಹೆಜ್ಜೆಹೆಜ್ಜೆಗೂ ಎದುರಾಗುವ ಮಾತು ‘ನಂಬಿಕೆ’. ಅದರ ಸಲುವಾಗಿ ಜನರು ಮಠಗಳನ್ನು ಸೇರಿದ್ದಾರೆ, ಮಠಗಳನ್ನು ತೊರೆದಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಯೂರೋಪಿನ ಧರ್ಮಸಭೆ ಒಡೆದುಹೋದದ್ದೂ ಬಹುಮಟ್ಟಿಗೆ ಅದರ ಅರ್ಥವನ್ನು ಕುರಿತ ವಾದದಿಂದಲೇ. ಇಷ್ಟಾದರೂ ನಂಬಿಕೆಯೆಂದರೇನು ಎಂಬ ಪ್ರಶ್ನೆಗೆ ಇತಿಹಾಸಗ್ರಂಥಗಳಲ್ಲಿ ಸಾಮಾನ್ಯವಾಗಿ ಸಿಕ್ಕುವ ಉತ್ತರ ಬಹಳ ತೆಳುವಾದುದು. ಧರ್ಮಸಭೆ ಬೋಧಿಸುವ ತತ್ತ್ವಗಳನ್ನು ನಿಜವೆಂದು ಒಪ್ಪುವುದೇ ನಂಬಿಕೆಯೆಂದು ಭಾವಿಸಿ, ಯಾರು ಯಾವ ತತ್ತ್ವವನ್ನು ಒಪ್ಪಿದರು, ಯಾರು ನಿರಾಕರಿಸಿದರು ಎಂದು ಪಟ್ಟಿಮಾಡಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಈ ಅರ್ಥವೊಂದನ್ನೇ ಹಿಡಿದರೆ ಕ್ರೈಸ್ತಜೀವನದಲ್ಲಿ ನಂಬಿಕೆಯು ನಡೆಸುವ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಂಬಿಕೆಗೆ ಇನ್ನೊಂದು ಅರ್ಥವೂ ಉಂಟೆಂಬುದನ್ನು ನಮ್ಮ ನುಡಿಯೇ ತೋರಿಸಿಕೊಡುತ್ತದೆ. ಒಬ್ಬನು ಹೇಳಿದ್ದನ್ನು ನಂಬುವುದು ಬೇರೆ, ಒಬ್ಬನನ್ನು ನಂಬುವುದು ಬೇರೆ. ‘ಮಳೆಯನ್ನು ನಂಬಿದ ರೈತ’ ಎಂದಾಗ, ಮಳೆಯೆಂಬುದೊಂದು ಇದೆಯೆಂದು ಅವನು ಒಪ್ಪಿದನೆಂದು ಯಾರೂ ಅರ್ಥಮಾಡುವುದಿಲ್ಲ. ಅದನ್ನೇ ನೆಚ್ಚಿ ಮನೆಯಲ್ಲಿದ್ದ ಕಾಳನ್ನು ಮಣ್ಣಿಗೆ ಹಾಕಿದನೆಂದು ತಿಳಿಯುತ್ತೇವೆ. ಇದೇ ಮೂಲದಿಂದ ಬಂದ ‘ನಂಬಿಗಸ್ತ’ ಎಂಬ ಮಾತು ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬುವವನನ್ನು ಬಿಟ್ಟು, ಇತರರು ನಂಬಲು ತಕ್ಕವನಾದವನನ್ನು ಹೇಳುತ್ತದೆ. ಕನ್ನಡದ ಪ್ರೊಟೆಸ್ಟಂಟ್ ಕ್ರೈಸ್ತರು ತಮ್ಮ ಬೈಬಲಿನಲ್ಲಿ ‘ನಂಬಿಕೆ’ ಎಂಬ ಪದವನ್ನೂ, ಕಥೋಲಿಕರು ಹೆಚ್ಚಾಗಿ ‘ವಿಶ್ವಾಸ’ ಎಂಬ ಪದವನ್ನೂ ಬಳಸುತ್ತ ಬಂದಿದ್ದಾರೆ. ಈ ಎರಡನೆಯ ಪದಕ್ಕೂ ಕನ್ನಡದಲ್ಲಿ ಬರಿಯ ಒಪ್ಪಿಗೆ ಎಂಬ ಅರ್ಥವಿಲ್ಲ. ‘ಪ್ರೀತಿ ವಿಶ್ವಾಸ’ ಎಂದು ಜೋಡಿಸಿ ಆಡುವಾಗ ಅದು ಮನುಷ್ಯ ಮನುಷ್ಯರ ನಡುವಣ ಸಂಬಂಧವನ್ನೇ ಸೂಚಿಸುತ್ತದೆ.

ಕ್ರೈಸ್ತಧರ್ಮದ ಮೂಲಭಾಷೆಗಳಲ್ಲಿಯೂ ಸ್ಥಿತಿ ಇದಕ್ಕೆ ಹತ್ತಿರವಾಗಿಯೇ ಇದೆ. ಹೀಬ್ರೂ ಭಾಷೆಯ ‘ಎಮುನಾ’ ಎಂಬ ಪದದ ಧಾತುವಿಗೆ ಅಲುಗದೆ ನಿಲ್ಲುವುದು, ಗಟ್ಟಿಯಾಗಿರುವುದು ಎಂಬ ಅರ್ಥವಿದೆ. ಪ್ರಾರ್ಥನೆಯ ಕೊನೆಯಲ್ಲಿ ಬರುವ ‘ಆಮೆನ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಗ್ರೀಕಿನ ‘ಪಿಸ್ತಿಸ್’ ಭರವಸೆಯನ್ನೂ ನಿಷ್ಠೆಯನ್ನೂ ಒಟ್ಟಿಗೆ ಹೇಳುತ್ತದೆ. ಲ್ಯಾಟಿನಿನ ‘ಫಿದೆಸ್’ ಕೊಟ್ಟ ಮಾತಿಗೆ, ಮಾತಿನ ಮೇಲಿನ ಭರವಸೆಗೆ ಸಲ್ಲುವ ಪದ. ಇವುಗಳಲ್ಲಿ ಒಪ್ಪಿಗೆಯ ಅಂಶ ಇಲ್ಲವೆಂದಲ್ಲ. ಅದೊಂದೇ ಇಲ್ಲವೆಂಬುದಷ್ಟೇ ನಮ್ಮ ಮಾತು.

ಈ ವಿಷಯವನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ ಒಂದು ಗ್ರಂಥವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಮಾರ್ಟಿನ್ ಲೂಥರನು ೧೫೨೦ರಲ್ಲಿ ಬರೆದ ‘ಕ್ರೈಸ್ತನ ಸ್ವಾತಂತ್ರ್ಯ’ವನ್ನು ಅದಕ್ಕಾಗಿ ಇಲ್ಲಿ ಆರಿಸಿಕೊಂಡಿದೆ. ನಂಬಿಕೆಯನ್ನು ಒಪ್ಪಿಗೆಯ ಮಟ್ಟದಿಂದ ಭರವಸೆಯ ಮಟ್ಟಕ್ಕೆ ಎತ್ತಿದುದು ಆ ಗ್ರಂಥದ ಹಿರಿಮೆ. ಭರವಸೆಯಿಟ್ಟವನು ತಾನೂ ನಂಬಿಗಸ್ತನಾಗಬೇಕಾದ ಪ್ರಸಂಗವನ್ನು ಅರ್ಧದಲ್ಲಿ ಬಿಟ್ಟುದು ಅದರ ಕೊರತೆ. ಇವೆರಡನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಗ್ರಂಥ ಹುಟ್ಟಿದ ಸನ್ನಿವೇಶವನ್ನು ಮೊದಲು ನೋಡಬಹುದು. ೧೪೮೩ರಲ್ಲಿ ಐಸ್ಲೆಬೆನ್ನಿನಲ್ಲಿ ಹುಟ್ಟಿದ ಲೂಥರನು ೧೫೦೫ರಲ್ಲಿ ಎರ್ಫುರ್ಟಿನ ಆಗಸ್ಟೀನ್ ಪಂಥದ ಮಠವನ್ನು ಸೇರಿದನು. ೧೫೧೨ರಲ್ಲಿ ವಿಟೆನ್‌ಬೆರ್ಗ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದು, ಅಲ್ಲಿಯೇ ಬೈಬಲಿನ ಮೇಲೆ ಉಪನ್ಯಾಸಗಳನ್ನು ನಡೆಸುತ್ತಿದ್ದನು. ಕೀರ್ತನೆಗಳ ಮೇಲೆಯೂ, ೧೫೧೫-೧೬ರಲ್ಲಿ ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಮೇಲೆಯೂ ಅವನು ನಡೆಸಿದ ವ್ಯಾಸಂಗವೇ ಅವನ ಮುಂದಿನ ವಿಚಾರಗಳಿಗೆಲ್ಲ ತಳಹದಿ. ಪಾಪವಿಮೋಚನಾ ಪತ್ರಗಳನ್ನು ಕುರಿತ ೯೫ ವಾಕ್ಯಗಳು ೧೫೧೭ರ ಅಕ್ಟೋಬರಿನಲ್ಲಿ ಹೊರಬಂದವು. ೧೫೨೦ರ ಜೂನ್ ೧೫ರಂದು ಪೋಪ್ ಹತ್ತನೆಯ ಲಿಯೋ ಹೊರಡಿಸಿದ ಆಜ್ಞಾಪತ್ರವು ಅವನ ೪೧ ವಾಕ್ಯಗಳನ್ನು ಖಂಡಿಸಿ, ಅವನ್ನು ಹಿಂತೆಗೆದುಕೊಳ್ಳಲು ಗಡುವು ವಿಧಿಸಿತು.

ಆ ವರ್ಷದ ಕೊನೆಯ ಭಾಗದಲ್ಲಿ ಲೂಥರನು ಬರೆದ ಮೂರು ಗ್ರಂಥಗಳು ಪ್ರಸಿದ್ಧವಾಗಿವೆ. ಜರ್ಮನಿಯ ಪ್ರಭುಗಳನ್ನು ಉದ್ದೇಶಿಸಿದ ಮೊದಲನೆಯದೂ, ಸಂಸ್ಕಾರವಿಧಿಗಳನ್ನು ಪರೀಕ್ಷಿಸುವ ಎರಡನೆಯದೂ ವಾಗ್ಯುದ್ಧದ ಗ್ರಂಥಗಳು. ನವೆಂಬರಿನಲ್ಲಿ ಪ್ರಕಟವಾದ ‘ಕ್ರೈಸ್ತನ ಸ್ವಾತಂತ್ರ್ಯ’ದ ಧ್ವನಿಯೇ ಬೇರೆ. ಸಂಧಿಗಾಗಿ ಓಡಾಡುತ್ತಿದ್ದ ಕಾರ್ಲ್ ಫಾನ್ ಮಿಲ್ಟಿಟ್ಸ್‌ನ ಪ್ರೇರಣೆಯಿಂದ ಪೋಪನಿಗೆ ಬರೆದ ಪತ್ರವೊಂದರ ಜೊತೆಗೆ ಅದು ಹೊರಬಂದಿತು. ಆ ಪತ್ರದ ಮೇಲೆ ಆಜ್ಞಾಪತ್ರವು ಜರ್ಮನಿಯಲ್ಲಿ ಪ್ರಚಾರವಾಗುವುದಕ್ಕೆ ಹಿಂದಿನ ತಾರೀಖನ್ನು, ಎಂದರೆ ಸೆಪ್ಟೆಂಬರ್ ೬ನ್ನು, ಹಾಕಲಾಗಿತ್ತು. ಗ್ರಂಥವು ಲ್ಯಾಟಿನಿನಲ್ಲಿಯೂ ಜರ್ಮನಿನಲ್ಲಿಯೂ ಸಿದ್ಧವಾಯಿತು. ಜರ್ಮನ್ ಪಾಠವು ಮೂವತ್ತು ಚಿಕ್ಕ ಪರಿಚ್ಛೇದಗಳಾಗಿ ವಿಭಾಗವಾಗಿದೆ. ಪಂಡಿತರಿಗೂ ಪಾಮರರಿಗೂ ಒಂದೇ ವಿಷಯವನ್ನು ಎರಡು ಭಾಷೆಗಳಲ್ಲಿ ಹೇಳಹೊರಟದ್ದು ಗಮನಾರ್ಹ. ಸಂಧಿಯ ಪ್ರಯತ್ನವೇನೋ ಫಲಿಸಲಿಲ್ಲ. ಡಿಸೆಂಬರ್ ೧೦ರಂದು ಲೂಥರನು ಆಜ್ಞಾಪತ್ರವನ್ನು ಸುಟ್ಟನು; ೧೫೨೧ರ ಜನವರಿಯಲ್ಲಿ ಬಹಿಷ್ಕಾರವಾಯಿತು.

೩

ಗ್ರಂಥದ ಆರಂಭದಲ್ಲಿ ಪರಸ್ಪರ ವಿರುದ್ಧವಾಗಿ ತೋರುವ ಎರಡು ಮಾತುಗಳಿವೆ. ಕ್ರೈಸ್ತನಾದವನು ಯಾರಿಗೂ ಅಧೀನನಲ್ಲದ ಒಡೆಯನೆಂದು ಒಂದು, ಎಲ್ಲರಿಗೂ ಅಧೀನನಾದ ಸೇವಕನೆಂದು ಇನ್ನೊಂದು. ಇವೆರಡೂ ಒಬ್ಬನಲ್ಲೇ ನಿಜವಾಗುವುದು ಹೇಗೆಂದು ತೋರಿಸುವುದೇ ಗ್ರಂಥದ ಕಾರ್ಯ. ಅದಕ್ಕಾಗಿ ಲೂಥರನು ಪೌಲನನ್ನು ಅನುಸರಿಸಿ ಮನುಷ್ಯನನ್ನು ‘ಒಳಗಿನವನು’, ‘ಹೊರಗಿನವನು’ ಎಂದು ವಿಂಗಡಿಸಿಕೊಳ್ಳುತ್ತಾನೆ. ಒಳಗಿನವನು ನಂಬಿಕೆಯಿಂದ ಸ್ವತಂತ್ರನು. ಹೊರಗಿನವನು ಪ್ರೀತಿಯಿಂದ ಸೇವಕನು.

ನಂಬಿಕೆಗೆ ಮೂರು ಶಕ್ತಿಗಳಿವೆಯೆಂದು ಅವನ ನಿರೂಪಣೆ. ಮೊದಲನೆಯದು, ದೇವರ ಮಾತಿಗೆ ಅಂಟಿಕೊಂಡ ಆತ್ಮವು ಆ ಮಾತಿನ ಗುಣವನ್ನೇ ಪಡೆಯುತ್ತದೆ. ಬೆಂಕಿಯಲ್ಲಿಟ್ಟ ಕಬ್ಬಿಣವು ಬೆಂಕಿಯಂತೆಯೇ ಕೆಂಪಗಾಗುವುದು ಇಲ್ಲಿ ಕೊಟ್ಟಿರುವ ಉಪಮೆ. ಎರಡನೆಯದು, ಒಬ್ಬನನ್ನು ನಂಬುವುದೆಂದರೆ ಅವನನ್ನು ಸತ್ಯವಂತನೆಂದು ಗೌರವಿಸಿದಂತೆ. ನಂಬದಿರುವುದೆಂದರೆ ಅವನನ್ನು ಸುಳ್ಳುಗಾರನೆಂದಂತೆ. ಆದಕಾರಣ ದೇವರಿಗೆ ಸಲ್ಲಿಸಬಹುದಾದ ಹಿರಿಯ ಮರ್ಯಾದೆ ನಂಬಿಕೆಯೇ. ಮೂರನೆಯದು, ವಧುವು ವರನನ್ನು ಸೇರುವಂತೆ ನಂಬಿಕೆಯು ಆತ್ಮವನ್ನು ಕ್ರಿಸ್ತನೊಡನೆ ಸೇರಿಸುತ್ತದೆ. ಆ ಮದುವೆಯಲ್ಲಿ ಸೊತ್ತೆಲ್ಲ ಇಬ್ಬರಿಗೂ ಸಮಾನ: ಆತ್ಮದ ಪಾಪಸಾಲವು ಕ್ರಿಸ್ತನದಾಗುತ್ತದೆ, ಕ್ರಿಸ್ತನ ನೀತಿಯು ಆತ್ಮದ್ದಾಗುತ್ತದೆ.

ಈ ಮೂರರಲ್ಲಿ ಎರಡನೆಯದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಮಧ್ಯಯುಗದ ಧರ್ಮಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾದ ತಾಮಸ್ ಅಕ್ವಿನಾಸನು ನಂಬಿಕೆಯನ್ನು ಮುಖ್ಯವಾಗಿ ಬುದ್ಧಿಯ ಕ್ರಿಯೆಯೆಂದು ಎಣಿಸಿದ್ದನು. ಕೃಪೆಯಿಂದ ಪ್ರೇರಿತವಾದ ಇಚ್ಛೆಯ ಅಪ್ಪಣೆಯಂತೆ ಬುದ್ಧಿಯು ದೈವಸತ್ಯಕ್ಕೆ ಸಮ್ಮತಿಸುವುದು ನಂಬಿಕೆ. ಪ್ರೀತಿಯು ಅದಕ್ಕೆ ರೂಪ ಕೊಟ್ಟಾಗ ಮಾತ್ರ ಅದು ಜೀವಂತವಾಗುತ್ತದೆಯೆಂದು ಅವನ ಮತ. ಇದು ಹಗುರವಾದ ಮತವಲ್ಲ. ಆದರೆ ಇದರಲ್ಲಿ ನಂಬಿಕೆಯ ಸ್ಥಾನ ಆರಂಭದ ಮೆಟ್ಟಿಲಿನದು. ಲೂಥರನಲ್ಲಿ ನಂಬಿಕೆಯು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯ ಮಾತನ್ನು ನೆಚ್ಚಿ ತನ್ನನ್ನು ಅವನಿಗೆ ಒಪ್ಪಿಸಿಕೊಳ್ಳುವ ವ್ಯವಹಾರ. ಅಲ್ಲಿ ಬುದ್ಧಿ, ಮನಸ್ಸು, ಬಾಳು ಎಂದು ಬೇರೆಬೇರೆ ಭಾಗಗಳಿಲ್ಲ. ರೈತನು ಮಳೆಯನ್ನು ನಂಬಿದಂತೆ ಇಡೀ ಮನುಷ್ಯನೇ ನಂಬುತ್ತಾನೆ.

ಹಾಗಾದರೆ ಸತ್ಕ್ರಿಯೆಗಳ ಪಾಡೇನು? ಗ್ರಂಥದ ಉತ್ತರಾರ್ಧವು ಈ ಪ್ರಶ್ನೆಗೆ ಮೀಸಲು. ಮರವು ಒಳ್ಳೆಯದಾದರೆ ಹಣ್ಣು ಒಳ್ಳೆಯದಾಗುತ್ತದೆ. ಹಣ್ಣು ಮರವನ್ನು ಒಳ್ಳೆಯದನ್ನಾಗಿ ಮಾಡುವುದಿಲ್ಲ. ಮನೆ ಚೆನ್ನಾಗಿರುವುದು ಕಟ್ಟಿದವನು ಕುಶಲಿಯಾದುದರಿಂದ. ಮನೆಯಿಂದ ಅವನು ಕುಶಲಿಯಾಗುವುದಿಲ್ಲ. ಆದ್ದರಿಂದ ಕ್ರೈಸ್ತನು ಸತ್ಕ್ರಿಯೆಯಿಂದ ನೀತಿವಂತನಾಗುವುದಿಲ್ಲ. ನೀತಿವಂತನೆನಿಸಿಕೊಂಡ ಮೇಲೆ ಸತ್ಕ್ರಿಯೆ ಅವನಿಂದ ತಾನಾಗಿ ಹರಿಯುತ್ತದೆ. ತನ್ನ ಮುಕ್ತಿಯ ಲೆಕ್ಕವನ್ನು ಇಡಬೇಕಾದ ಕಾಟ ತಪ್ಪಿದುದರಿಂದಲೇ ಅವನ ಕೈ ಬಿಡುವಾಗಿ, ಅದು ನೆರೆಯವನ ಕೆಲಸಕ್ಕೆ ಒದಗುತ್ತದೆ. ಪುಣ್ಯಕ್ಕಾಗಿ ಅನ್ನ ಹಾಕುವವನ ಕಣ್ಣು ಪುಣ್ಯದ ಮೇಲಿರುತ್ತದೆ. ಪುಣ್ಯದ ಹಂಗು ಹರಿದವನ ಕಣ್ಣು ಹಸಿದವನ ಮೇಲೆ ಬೀಳಬಲ್ಲದು. ಲೂಥರನ ವಾದದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಸತ್ಕ್ರಿಯೆಗಳನ್ನು ಅವನು ತಳ್ಳಿಹಾಕಿದನೆಂಬ ಆಕ್ಷೇಪಣೆಯು ಈ ಗ್ರಂಥವನ್ನು ಓದಿದವರು ಮಾಡತಕ್ಕದ್ದಲ್ಲ.

೪

ಇನ್ನು ಎರಡು ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಮೊದಲನೆಯದು ಬೈಬಲಿನೊಳಗಿನಿಂದಲೇ ಏಳುವುದು. ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯು ಕ್ರಿಯೆಯಿಲ್ಲದ ನಂಬಿಕೆಯನ್ನು ಜೀವವಿಲ್ಲದ ದೇಹಕ್ಕೆ ಹೋಲಿಸುತ್ತದೆ. ಲೂಥರನಿಗೆ ಈ ಪತ್ರಿಕೆ ಹಿಡಿಸಲಿಲ್ಲ. ೧೫೨೨ರ ತನ್ನ ಜರ್ಮನ್ ಅನುವಾದದ ಮುನ್ನುಡಿಯಲ್ಲಿ ಅದನ್ನು ಹುಲ್ಲಿಗೆ ಹೋಲಿಸಿ ಹೀನಯಿಸಿದನು. ಮುಂದಿನ ಬೈಬಲ್ ಮುದ್ರಣಗಳಲ್ಲಿ ಆ ಮಾತನ್ನು ಬಿಟ್ಟನು. ಅದೇ ಅನುವಾದದಲ್ಲಿ, ರೋಮಿನವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿದುದಕ್ಕಾಗಿ ವಿರೋಧಿಗಳು ಅವನನ್ನು ಹಿಡಿದರು. ಜರ್ಮನ್ ಮಾತಿನ ಜಾಯಮಾನವೂ ಪೌಲನ ಅಭಿಪ್ರಾಯವೂ ಆ ಪದವನ್ನು ಬೇಡುತ್ತವೆಂದು ೧೫೩೦ರಲ್ಲಿ ಅವನು ಉತ್ತರಕೊಟ್ಟನು.

ನಮ್ಮ ಅಭಿಪ್ರಾಯದಲ್ಲಿ ಯಾಕೋಬನನ್ನು ಲೂಥರನು ವಿರೋಧಿಯೆಂದು ಎಣಿಸಬೇಕಾಗಿರಲಿಲ್ಲ. ದೇವರು ಒಬ್ಬನೇ ಎಂಬುದನ್ನು ದೆವ್ವಗಳೂ ನಂಬಿ ನಡುಗುತ್ತವೆಂದು ಯಾಕೋಬನು ಹೇಳುವಲ್ಲಿ ಅವನು ಖಂಡಿಸುವುದು ಬರಿಯ ಒಪ್ಪಿಗೆಯನ್ನು. ಲೂಥರನು ಖಂಡಿಸಿದ್ದೂ ಅದನ್ನೇ. ಪೌಲನೂ ಯಾಕೋಬನೂ ಅಬ್ರಹಾಮನನ್ನೇ ನಿದರ್ಶನವಾಗಿ ಎತ್ತಿಕೊಳ್ಳುತ್ತಾರೆ: ಒಬ್ಬನು ಮಕ್ಕಳಿಲ್ಲದ ಮುದುಕನು ದೇವರ ಮಾತನ್ನು ನೆಚ್ಚಿದ ಗಳಿಗೆಯನ್ನು, ಇನ್ನೊಬ್ಬನು ಅದೇ ಮುದುಕನು ಮಗನನ್ನು ಬಲಿಪೀಠಕ್ಕೆ ಕರೆದೊಯ್ದ ಗಳಿಗೆಯನ್ನು. ನೆಚ್ಚಿಕೆಯ ಆರಂಭ ಒಂದು, ಅದರ ಪರೀಕ್ಷೆ ಇನ್ನೊಂದು.

ಎರಡನೆಯ ಆಕ್ಷೇಪಣೆ ಟ್ರೆಂಟ್ ಮಹಾಸಭೆಯದು. ೧೫೪೭ರ ಜನವರಿ ೧೩ರಂದು, ಲೂಥರನು ತೀರಿಕೊಂಡ ಮರುವರ್ಷ, ಸಭೆಯು ತನ್ನ ಆರನೆಯ ಅಧಿವೇಶನದಲ್ಲಿ ಈ ವಿಷಯವನ್ನು ಕುರಿತು ಒಂದು ನಿರ್ಣಯವನ್ನೂ ೩೩ ಶಾಸನವಾಕ್ಯಗಳನ್ನೂ ಅಂಗೀಕರಿಸಿತು. ನಂಬಿಕೆಯೇ ಮುಕ್ತಿಯ ಆರಂಭ, ಅಡಿಪಾಯ, ಬೇರು ಎಂದು ಸಭೆ ಒಪ್ಪಿತು. ನಿರೀಕ್ಷೆಯೂ ಪ್ರೀತಿಯೂ ಕೂಡದ ನಂಬಿಕೆಯು ಮನುಷ್ಯನನ್ನು ಕ್ರಿಸ್ತನೊಡನೆ ಪೂರ್ಣವಾಗಿ ಸೇರಿಸಲಾರದೆಂದಿತು. ದೇವರ ಕರುಣೆಯಲ್ಲಿ ಭರವಸೆಯಿಡುವುದಷ್ಟೇ ನಂಬಿಕೆಯೆಂಬ ಮತವನ್ನು ಖಂಡಿಸಿತು. ಇಲ್ಲಿ ಪದಬಳಕೆಯ ಭೇದ ಸ್ವಲ್ಪ ಉಂಟು. ಅಕ್ವಿನಾಸನ ದಾರಿಯಲ್ಲಿ ನಡೆದವರು ಸಮ್ಮತಿಗೆ ನಂಬಿಕೆಯೆಂದೂ ಭರವಸೆಗೆ ನಿರೀಕ್ಷೆಯೆಂದೂ ಹೆಸರಿಟ್ಟು ಎರಡು ಪಾತ್ರೆಗಳಲ್ಲಿ ಹಂಚಿದ್ದನ್ನು ಲೂಥರನು ಒಂದೇ ಪಾತ್ರೆಗೆ ಸುರಿದಿದ್ದನು. ಆದರೆ ಜಗಳವೆಲ್ಲ ಪದಗಳದೇ ಎನ್ನುವುದು ಇಬ್ಬರಿಗೂ ಅನ್ಯಾಯ. ಪ್ರೀತಿಯು ನಂಬಿಕೆಯ ಒಳಗಿನ ಜೀವವೇ, ಇಲ್ಲವೆ ನಂಬಿಕೆಯಿಂದ ಹೊರಡುವ ಫಲವೇ ಎಂಬುದು ನಿಜವಾದ ಪ್ರಶ್ನೆ.

೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬುರ್ಗಿನಲ್ಲಿ ಲೂಥರನ್ ಜಾಗತಿಕ ಒಕ್ಕೂಟವೂ ಕಥೋಲಿಕ ಧರ್ಮಸಭೆಯೂ ಸಹಿಹಾಕಿದ ಜಂಟಿ ಘೋಷಣೆಯು, ಮೂಲತತ್ತ್ವಗಳಲ್ಲಿ ಒಮ್ಮತವಿದೆಯೆಂದೂ ಉಳಿದ ಭೇದಗಳು ಪರಸ್ಪರ ಖಂಡನೆಗೆ ಕಾರಣವಾಗಬೇಕಿಲ್ಲವೆಂದೂ ಸಾರಿತು. ಮೆಥಡಿಸ್ಟರ ಜಾಗತಿಕ ಮಂಡಲಿಯು ೨೦೦೬ರಲ್ಲಿಯೂ, ರಿಫಾರ್ಮ್ಡ್ ಸಭೆಗಳ ಜಾಗತಿಕ ಕೂಟವು ೨೦೧೭ರಲ್ಲಿಯೂ ಅದರೊಡನೆ ಸೇರಿಕೊಂಡವು. ನಾಲ್ಕು ಶತಮಾನಗಳ ಕಲಹವು ಹೀಗೆ ತಣ್ಣಗಾದುದು ಸಂತೋಷದ ವಿಷಯ. ಆದರೆ ಈ ಒಪ್ಪಂದ ಮುಟ್ಟದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಎತ್ತಿದವರು ಧರ್ಮಶಾಸ್ತ್ರಜ್ಞರಲ್ಲ, ಮೇಮಿಂಗೆನ್ ಸುತ್ತಮುತ್ತಲಿನ ರೈತರು.

೫

೧೫೨೫ರ ಮಾರ್ಚಿನಲ್ಲಿ ದಕ್ಷಿಣ ಜರ್ಮನಿಯ ಮೇಮಿಂಗೆನ್ ನಗರದಲ್ಲಿ ರೈತರ ಪ್ರತಿನಿಧಿಗಳು ಸೇರಿ ಹನ್ನೆರಡು ಕಲಮುಗಳ ಬೇಡಿಕೆಪತ್ರವನ್ನು ಸಿದ್ಧಗೊಳಿಸಿದರು. ಅದರ ಮೂರನೆಯ ಕಲಮು ಜೀತಪದ್ಧತಿಯನ್ನು ಕುರಿತದ್ದು. ಆ ಪದ್ಧತಿಯಲ್ಲಿ ರೈತನ ದೇಹವೇ ಒಡೆಯನ ಸೊತ್ತು. ರೈತನು ಸತ್ತರೆ ಮನೆಯ ಒಳ್ಳೆಯ ದನವನ್ನೋ ಬಟ್ಟೆಯನ್ನೋ ಒಡೆಯನು ಒಯ್ಯುವನು. ಕ್ರಿಸ್ತನು ಕುರುಬನನ್ನೂ ದೊಡ್ಡವರನ್ನೂ ಭೇದವಿಲ್ಲದೆ ತನ್ನ ರಕ್ತದಿಂದ ಬಿಡಿಸಿಕೊಂಡಿರುವಾಗ ತಾವು ಮತ್ತೊಬ್ಬರ ಸೊತ್ತಾಗಿರುವುದು ಹೇಗೆ ಸರಿ ಎಂದು ಕಲಮು ಕೇಳುತ್ತದೆ. ಅಧಿಕಾರವೇ ಬೇಡವೆಂದು ರೈತರು ಹೇಳಲಿಲ್ಲ. ಯಾವ ಕಲಮಾದರೂ ಬೈಬಲಿಗೆ ವಿರುದ್ಧವೆಂದು ತೋರಿಸಿದರೆ ಅದನ್ನು ಬಿಡಲು ಸಿದ್ಧರೆಂದು ಕೊನೆಯಲ್ಲಿ ಬರೆದರು. ‘ಕ್ರೈಸ್ತನ ಸ್ವಾತಂತ್ರ್ಯ’ದ ಮೊದಲ ಮಾತನ್ನು ಅವರು ನೆಚ್ಚಿದ್ದರೆನ್ನಬಹುದು.

ಲೂಥರನು ಮೊದಲು ಬರೆದ ಉತ್ತರದಲ್ಲಿ, ಈ ದಂಗೆಗೆ ಪ್ರಭುಗಳ ದುರಾಸೆಯೇ ಕಾರಣವೆಂದು ಅವರನ್ನು ಕಟುವಾಗಿ ಗದರಿಸಿದನು. ಹಲವು ಬೇಡಿಕೆಗಳು ನ್ಯಾಯವೆಂದೂ ಒಪ್ಪಿದನು. ಇದನ್ನು ಮರೆಯಬಾರದು. ಆದರೆ ಮೂರನೆಯ ಕಲಮಿಗೆ ಬಂದಾಗ, ಇದು ಕ್ರೈಸ್ತಸ್ವಾತಂತ್ರ್ಯವನ್ನು ದೇಹದ ವಿಷಯವನ್ನಾಗಿ ಮಾಡುತ್ತದೆ, ಅಬ್ರಹಾಮನಿಗೂ ದಾಸರಿದ್ದರಲ್ಲವೆ ಎಂದು ತಳ್ಳಿಹಾಕಿದನು. ಮೇ ತಿಂಗಳಲ್ಲಿ ಬರೆದ ಎರಡನೆಯ ಪುಸ್ತಿಕೆಯಲ್ಲಿ ದಂಗೆಯೆದ್ದವರನ್ನು ಕೊಲ್ಲಲು ಪ್ರಭುಗಳನ್ನು ಹುರಿದುಂಬಿಸಿದನು. ಮೇ ೧೫ರಂದು ಫ್ರಾಂಕೆನ್‌ಹೌಸೆನ್ನಿನಲ್ಲಿ ರೈತರ ಪಡೆ ನುಚ್ಚುನೂರಾಯಿತು. ಸಾವಿರಾರು ಜನ ಹತರಾದರು.

ಇದು ಲೂಥರನ ರಾಜಕೀಯದ ತಪ್ಪೇ ಹೊರತು ಗ್ರಂಥಕ್ಕೆ ಸಂಬಂಧಿಸಿದ್ದಲ್ಲವೆಂದು ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನವನ್ನು ಒಪ್ಪುವುದು ಕಷ್ಟ. ಗ್ರಂಥವನ್ನು ಮತ್ತೊಮ್ಮೆ ಓದಿದರೆ ಅಲ್ಲಿಯ ‘ನೆರೆಯವನು’ ಯಾವಾಗಲೂ ಪಡೆಯುವವನು, ಎಲ್ಲಿಯೂ ಕೇಳುವವನಲ್ಲ. ಅವನಿಗೆ ಕೊರತೆಗಳಿವೆ, ಹಕ್ಕಿಲ್ಲ. ಕ್ರೈಸ್ತನು ತುಂಬಿದ ಮನಸ್ಸಿನಿಂದ ಅವನಿಗೆ ಕೊಡುತ್ತಾನೆ. ಆದರೆ ಅವನೇ ಬಾಗಿಲಿಗೆ ಬಂದು, ನಿನ್ನ ನಂಬಿಕೆಯನ್ನು ನಂಬಿ ಬಂದಿದ್ದೇನೆ, ನನ್ನನ್ನು ಏನು ಮಾಡುತ್ತೀಯೆ ಎಂದು ಕೇಳಿದರೆ ಹೇಳಬೇಕಾದ ಉತ್ತರ ಗ್ರಂಥದಲ್ಲಿಲ್ಲ. ಒಳಗಿನವನು, ಹೊರಗಿನವನು ಎಂಬ ವಿಂಗಡಣೆಯೇ ಇದಕ್ಕೆ ಕಾರಣ. ಅಲ್ಲದೆ, ಎಲ್ಲರಿಗೂ ಸೇವಕನಾಗುವುದು ಸ್ವತಂತ್ರನಾದವನು ತಾನಾಗಿ ಕೈಕೊಳ್ಳುವ ವ್ರತ. ಅದನ್ನು ಒಡೆಯನಿಗೆ ಬೋಧಿಸಿದರೆ ಜೀತ ಸಡಿಲಬೇಕು. ಜೀತಗಾರನಿಗಷ್ಟೇ ಬೋಧಿಸಿದರೆ ಜೀತ ಬಿಗಿಯುತ್ತದೆ. ಮೂರನೆಯ ಕಲಮಿಗೆ ಉತ್ತರ ಹೇಳುವಾಗ ಲೂಥರನ ಬೋಧನೆ ಜೀತಗಾರನ ಕಡೆಗೇ ತಿರುಗಿತು.

ಆದರೆ ಎರಡು ವರ್ಷಗಳ ಅನಂತರ ನಡೆದ ಸಂಗತಿಯನ್ನೂ ನೋಡದೆ ತೀರ್ಪು ಕೊಡಲಾಗದು. ೧೫೨೭ರ ಬೇಸಗೆಯಲ್ಲಿ ವಿಟೆನ್‌ಬೆರ್ಗಿಗೆ ಪ್ಲೇಗು ಬಂದಿತು. ವಿಶ್ವವಿದ್ಯಾನಿಲಯವು ಯೇನಾ ನಗರಕ್ಕೆ ಸ್ಥಳಾಂತರವಾಯಿತು. ಲೂಥರನು ಊರು ಬಿಡಲಿಲ್ಲ. ಗರ್ಭಿಣಿಯಾದ ಹೆಂಡತಿಯೂ ಜೊತೆಯಲ್ಲಿದ್ದಳು. ಅವನ ಮನೆ ರೋಗಿಗಳ ಆಸರೆಯಾಯಿತು. ಮಾರಕ ರೋಗ ಬಂದಾಗ ಕ್ರೈಸ್ತನು ಓಡಿಹೋಗಬಹುದೆ ಎಂದು ಬ್ರೆಸ್ಲೌ ನಗರದವರು ಕೇಳಿದ್ದ ಪ್ರಶ್ನೆಗೆ ಆ ವರ್ಷವೇ ಅವನು ಬರೆದ ಉತ್ತರ ಅಚ್ಚಾಗಿದೆ. ಅದರಲ್ಲಿ ಆವೇಶವಿಲ್ಲ. ಔಷಧವನ್ನು ತಿರಸ್ಕರಿಸಿ ದೇವರೇ ಕಾಯುವನೆಂದು ಕೂರುವುದು ನಂಬಿಕೆಯಲ್ಲ, ದೇವರನ್ನು ಕೆಣಕುವುದು. ಕರ್ತವ್ಯದ ಕಟ್ಟಿಲ್ಲದವನು ಹೊರಟುಹೋದರೆ ಪಾಪವಿಲ್ಲ. ಆದರೆ ಬೋಧಕನು, ಊರಿನ ಅಧಿಕಾರಿ, ಯಜಮಾನ ಮತ್ತು ಆಳು, ತಂದೆತಾಯಿ ಮತ್ತು ಮಕ್ಕಳು, ಬೇರೆ ದಿಕ್ಕಿಲ್ಲದ ರೋಗಿಯ ನೆರೆಮನೆಯವನು, ಇವರು ಬಿಟ್ಟುಹೋಗಕೂಡದು.

ಇಲ್ಲಿ ನೆರೆಯವನಿಗೆ ಹಕ್ಕು ಬಂದಿದೆ. ಹಾಸಿಗೆ ಹಿಡಿದವನು ತನ್ನನ್ನು ನಂಬಿದ್ದಾನೆಂಬ ಕಾರಣಕ್ಕೇ ಆರೋಗ್ಯವಂತನು ಕಟ್ಟುಬಿದ್ದಿದ್ದಾನೆ. ಯಜಮಾನನು ಆಳಿಗೆ, ಆಳು ಯಜಮಾನನಿಗೆ, ಇಬ್ಬರೂ ಸಮನಾಗಿ ಬದ್ಧರು. ಒಳಗು ಹೊರಗೆಂಬ ವಿಂಗಡಣೆಗೆ ಇಲ್ಲಿ ಕೆಲಸವಿಲ್ಲ: ದೇವರಲ್ಲಿಟ್ಟ ಭರವಸೆ ಎಷ್ಟೆಂಬುದು ರೋಗಿಯ ಬಾಗಿಲಲ್ಲಿ ನಿಂತ ದೇಹದಿಂದಲೇ ಗೊತ್ತಾಗುತ್ತದೆ. ೧೫೨೦ರ ಗ್ರಂಥ ಅರ್ಧದಲ್ಲಿ ಬಿಟ್ಟುದನ್ನು ೧೫೨೭ರ ಈ ಚಿಕ್ಕ ಪುಸ್ತಿಕೆ ಮುಗಿಸಿದೆಯೆಂದು ನಾವು ಭಾವಿಸುತ್ತೇವೆ. ಇದೇ ನ್ಯಾಯವನ್ನು ಮೇಮಿಂಗೆನ್ನಿನ ರೈತರಿಗೆ ಲೂಥರನು ಅನ್ವಯಿಸಲಿಲ್ಲವೆಂಬ ಆಕ್ಷೇಪಣೆ ಮಾತ್ರ ಉಳಿಯುತ್ತದೆ.

೬

ಈ ಪರಿಶೀಲನೆಯಿಂದ ತೋರುವ ಅಂಶಗಳು ಎರಡು. ಒಂದು, ಕ್ರೈಸ್ತಜೀವನದಲ್ಲಿ ನಂಬಿಕೆಯು ತತ್ತ್ವಗಳ ಒಪ್ಪಿಗೆಯಿಂದ ಮುಗಿಯತಕ್ಕದ್ದಲ್ಲ; ಅದು ಒಬ್ಬನನ್ನು ನೆಚ್ಚಿ ಬಾಳುವುದು. ಇದನ್ನು ಲೂಥರನಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ. ಇನ್ನೊಂದು, ದೇವರನ್ನು ನೆಚ್ಚಿದವನು ತನ್ನನ್ನು ನೆಚ್ಚಿದವರಿಗೆ ನಂಬಿಗಸ್ತನಾಗದಿದ್ದರೆ ಆ ನೆಚ್ಚಿಕೆ ಒಳಗಿನ ಸಮಾಧಾನವಾಗಿಯಷ್ಟೇ ಉಳಿದು, ಹೊರಗಿನ ಅನ್ಯಾಯಕ್ಕೆ ಮರೆಯಾಗಿಯೂ ನಿಲ್ಲಬಹುದು. ಕನ್ನಡದ ‘ನಂಬಿಕೆ’, ‘ನಂಬಿಗಸ್ತ’ ಎಂಬ ಎರಡು ಮಾತುಗಳ ನಡುವಣ ದೂರವೇ ಲೂಥರನ ಸಿದ್ಧಾಂತವು ಕ್ರಮಿಸಬೇಕಾಗಿದ್ದ ದಾರಿ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಉಪಯೋಗವುಂಟು. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಬಳಿಕ ನಮ್ಮ ನಾಡಿನಲ್ಲಿ ಬೆಳೆದ ಸಭೆಗಳ ಚರಿತ್ರೆಯನ್ನು ಬರೆಯುವಾಗಲಾಗಲಿ, ಅದಕ್ಕೂ ಹಿಂದಿನ ಕಥೋಲಿಕ ಸಭೆಗಳ ಚರಿತ್ರೆಯನ್ನು ಬರೆಯುವಾಗಲಾಗಲಿ, ದೀಕ್ಷಾಸ್ನಾನದ ದಾಖಲೆಗಳನ್ನು ಎಣಿಸಿ ನಂಬಿಕೆಯ ಅಳತೆ ಸಿಕ್ಕಿತೆಂದುಕೊಳ್ಳುವುದು ಸುಲಭ. ಆ ದಾಖಲೆಗಳು ಒಪ್ಪಿಗೆಯ ಸಂಗತಿಯನ್ನು ಹೇಳುತ್ತವೆ. ಕ್ಷಾಮ, ರೋಗ, ಜಾತಿಬಹಿಷ್ಕಾರಗಳ ಕಾಲದಲ್ಲಿ ಯಾರು ಯಾರನ್ನು ನಂಬಿದರು, ಯಾರು ಯಾರನ್ನು ಕೈಬಿಟ್ಟರು, ಯಾರು ಬಿಡದೆ ನಿಂತರು ಎಂಬುದನ್ನು ಪತ್ರಗಳಿಂದ, ಲೆಕ್ಕದ ಪುಸ್ತಕಗಳಿಂದ, ಮನೆತನಗಳ ನೆನಪಿನಿಂದ ಹುಡುಕಿ ತೆಗೆಯಬೇಕು. ಅದು ನಿಧಾನವಾದ ಕೆಲಸ. ಆದರೆ ನಂಬಿಕೆಯ ಚರಿತ್ರೆಯೆಂಬ ಹೆಸರಿಗೆ ತಕ್ಕುದು ಅದೇ.